ಬೇಣದಲ್ಲಿ ಕಾಡು ಎಬ್ಬಿಸಿ ಕಾರ್ಬನ್ ಲೆಕ್ಕಕ್ಕೆ ತರುವುದು

ಬೇಣವೆಂದರೆ ಮಲೆನಾಡಿನ ಹುಲ್ಲು ಬೆಳೆಯುವ ಗುಡ್ಡದ ಜಾಗ. ಅಲ್ಲಿ ಕಾಡು ಎದ್ದರೆ ಮರಗಳು ಹೀರಿದ ಇಂಗಾಲವನ್ನು ಲೆಕ್ಕ ಹಾಕಿ ಕಾರ್ಬನ್ ಕ್ರೆಡಿಟ್ ಆಗಿ ಮಾರಬಹುದು. ಗುದ್ದಲಿಗಿಂತ ಮೊದಲು ಪಹಣಿ ತೆಗೆಯಿರಿ. ಗೋಮಾಳ ಸರ್ಕಾರದ್ದು. ಉತ್ತರ ಕನ್ನಡದ ಸೊಪ್ಪಿನ ಬೆಟ್ಟದಲ್ಲೂ ತೋಟದವರಿಗೆ ಇರುವುದು ಸೊಪ್ಪು, ದರಕಿನ (ಒಣ ಎಲೆಯ) ಸವಲತ್ತು ಅಷ್ಟೇ. ಆದ್ದರಿಂದ ಈ ಮಾತೆಲ್ಲ ಸ್ವಂತ ಖಾತೆಯ ಬೇಣಕ್ಕೆ. ಕಾರ್ಬನ್ ಕ್ರೆಡಿಟ್ ನೋಂದಾಯಿಸುವ ವೆರಾ ಸಂಸ್ಥೆಯ ನಿಯಮದಲ್ಲಿ ಹಿಂದಿನ 10 ವರ್ಷದೊಳಗೆ ಸಹಜ ಕಾಡು ಕಡಿದ ಜಾಗ ನಡೆಯುವುದಿಲ್ಲ. ಯೋಜನೆ ಕನಿಷ್ಠ 40 ವರ್ಷದ್ದು. ಕುದುರೆಮುಖದಂಥ ಸಹಜ ಹುಲ್ಲುಗಾವಲಾಗಿದ್ದರೆ ಹಾಗೇ ಬಿಡಿ, ಅಲ್ಲಿ ಮರ ಎಬ್ಬಿಸುವುದು ಉಪಕಾರವಲ್ಲ.

ಮುಂಗಾರು ಹಿಡಿದು ಎರಡು ವಾರದ ಮೇಲೆ 10 ಮೀಟರ್ ಚೌಕಗಳನ್ನು ಹತ್ತು ಕಡೆ ಹಗ್ಗದಿಂದ ಗುರುತಿಸಿ ಸಸಿ ಎಣಿಸಿ. ದನ ಮೇಯ್ದ ಮತ್ತಿ, ಹೊನ್ನೆ, ನೇರಳೆ ಗೇಣುದ್ದದ ಪೊದೆಯಂತೆ ಕಾಣುತ್ತವೆ. ಹುಲ್ಲು ಸರಿಸಿದರೆ ಬುಡ ಮಣಿಕಟ್ಟಿನಷ್ಟು ದಪ್ಪವಿರುತ್ತದೆ. ವರ್ಷಗಟ್ಟಲೆ ಬೆಳೆದ ಬೇರು ಅದು. ಚೌಕಕ್ಕೆ ಸರಾಸರಿ ಎಂಟು ಸಿಕ್ಕರೆ ಎಕರೆಗೆ ಸುಮಾರು 320 ಆಯಿತು. ನರ್ಸರಿ ಸಸಿಗೆ ದುಡ್ಡು ಹಾಕಬೇಡಿ, ಬರಿದಾದ ತೇಪೆಗಳಲ್ಲಿ ಮಾತ್ರ ನೇರಳೆ, ನೆಲ್ಲಿ, ಅತ್ತಿ ನೆಡಿ. ಬೇಗ ಬರುತ್ತದೆಂದು ಅಕೇಶಿಯಾ ತುಂಬಿದರೆ ಅದು ಕಾಡಲ್ಲ, ನೆಡುತೋಪು.

ಬೇಲಿ ಹಾಕುವ ಮೊದಲು, ಈಗಿರುವ ಮರಗಳನ್ನೆಲ್ಲ ಅಳೆದಿಡಿ: ನೆಲದಿಂದ 1.3 ಮೀಟರ್ ಎತ್ತರದಲ್ಲಿ ಸುತ್ತಳತೆ, ಜಾತಿ, ಜಿಪಿಎಸ್, ಕಲ್ಲು ನೆಟ್ಟ ಜಾಗದಿಂದ ಫೋಟೋ. ಕ್ರೆಡಿಟ್ ಸಿಗುವುದು ಹೊಸ ಬೆಳವಣಿಗೆಗೆ ಮಾತ್ರ. ಈ ಅಳತೆ ತಪ್ಪಿದರೆ ಮುಂದೆ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ದನ ಒಳಬರದಂತೆ ಸುತ್ತ ತೋಡುವ ಅಗಳ (ಕಂದಕ) ನಾಲ್ಕೂವರೆ ಅಡಿ ಅಗಲ, ನಾಲ್ಕಡಿ ಆಳ, ಮಣ್ಣು ಒಳಬದಿಗೆ. ಇಳಿಜಾರಿನಲ್ಲಿ ಉದ್ದಕ್ಕೆ ತೋಡಿದರೆ ಮೊದಲ ಆಷಾಢದಲ್ಲೇ ಹಳ್ಳವಾಗುತ್ತದೆ, 30 ಅಡಿಗೊಂದು ಅಡ್ಡಗಟ್ಟೆ ಬಿಡಿ. ದಂಡೆಯ ಮೇಲೆ ಲಕ್ಕಿ, ಕತ್ತಾಳೆ. ಕರಡ ಹುಲ್ಲನ್ನು ಕೊಯ್ದು ಮನೆಗೆ ತರಬಹುದು. ಸಸಿಗಳ ತುದಿ ದನದ ಬಾಯಿಗೆ ಎಟುಕದಷ್ಟು, ಆರಡಿಗೂ ಮೇಲೆ, ಹೋದಮೇಲೆ ದನ ಬಿಡಬಹುದು. ದನವನ್ನು ಪಕ್ಕದ ಕಾಡಿಗೆ ಅಟ್ಟಿ ಇಲ್ಲಿ ಬೇಲಿ ಹಾಕಿದರೆ ಅಲ್ಲಿನ ನಷ್ಟವನ್ನು ನಿಮ್ಮ ಲೆಕ್ಕದಿಂದ ಕಳೆಯುತ್ತಾರೆ.

ಲಂಟಾನವನ್ನು ಕತ್ತಿಯಿಂದ ಸವರಿದರೆ ಇಮ್ಮಡಿ ಚಿಗುರುತ್ತದೆ. ಬುಡದ ಮಣ್ಣು ಕೆದಕಿ, ನೆಲದಿಂದ ಎರಡು ಇಂಚು ಕೆಳಗೆ ತಾಯಿಬೇರನ್ನು ಕಡಿದು, ಪೊದೆಯನ್ನು ಬೇರು ಮೇಲಾಗಿ ಕವುಚಿಡಿ. ಯುಪಟೋರಿಯಂ ಕಳೆ ಮಳೆಗಾಲದಲ್ಲಿ ಕೈಯಲ್ಲೇ ಬರುತ್ತದೆ. ಹೂ ಬಂದಮೇಲೆ ಕಿತ್ತರೆ ಬೀಜ ಬಿತ್ತಿದಂತೆ. ಮತ್ತಿ, ಹೊನ್ನೆಯಂಥ ಮರಗಳ ಹಳೇ ಬುಡದಿಂದೆದ್ದ ಕೂಳೆ ಚಿಗುರಿನಲ್ಲಿ ನೆಟ್ಟಗಿನ ಎರಡನ್ನುಳಿಸಿ ಉಳಿದವನ್ನು ಎರಡನೇ ವರ್ಷ ತೆಗೆಯಿರಿ.

ನಿಜವಾದ ಶತ್ರು ಫೆಬ್ರವರಿ, ಮಾರ್ಚ್‌ನ ಬೆಂಕಿ. ಡಿಸೆಂಬರ್‌ನೊಳಗೆ ಸುತ್ತ 15 ಅಡಿ ಹುಲ್ಲು ಕೆತ್ತಿ, ದರಕು ಬಿದ್ದಂತೆ ತಿಂಗಳಿಗೊಮ್ಮೆ ಗುಡಿಸಿ. ಒಮ್ಮೆ ಸುಟ್ಟರೆ ಬುಡ ಮತ್ತೆ ಚಿಗುರಬಹುದು, ಆದರೆ ಅಳೆದ ಕಾಂಡ ಹೋಗುತ್ತದೆ.

ಮರದ ಒಣತೂಕ 1 ಟನ್ ಇದ್ದರೆ ಅದನ್ನು 0.47ರಿಂದ (ಅದರಲ್ಲಿನ ಇಂಗಾಲದ ಪಾಲು), ಬಳಿಕ 3.67ರಿಂದ (ಇಂಗಾಲವನ್ನು ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕೆ ತರಲು) ಗುಣಿಸಿ: ಸುಮಾರು 1.7 ಟನ್ ಇಂಗಾಲದ ಡೈಆಕ್ಸೈಡ್. ಟನ್ನಿಗೊಂದು ಕ್ರೆಡಿಟ್. ಹಸಿತೂಕ ಹಿಡಿದು ಆದಾಯ ಹೇಳುವ ದಲ್ಲಾಳಿ ನೀರನ್ನೂ ಮಾರುತ್ತಿದ್ದಾನೆ. ಬೆಂಕಿ, ಗಾಳಿಯ ನಷ್ಟಕ್ಕೆಂದು ಒಂದು ಪಾಲು ಮೀಸಲು ಖಾತೆಗೂ ಹೋಗುತ್ತದೆ. ನಾಲ್ಕೈದು ಎಕರೆಗೆ ಒಬ್ಬರೇ ನೋಂದಾಯಿಸಿದರೆ ತಪಾಸಣೆ ಖರ್ಚೇ ಹುಟ್ಟುವುದಿಲ್ಲ, ಊರಿನವರು ಒಟ್ಟಾಗಿ ಹೋಗಿ. ಕರಾರಿಗೆ ಸಹಿ ಹಾಕುವ ಮುನ್ನ ಮೂರು ಕಲಂ ಓದಿ: ನಿಮ್ಮ ಪಾಲೆಷ್ಟು, ಮಕ್ಕಳು ಜಾಗ ಹಿಸೆ ಮಾಡಿಕೊಂಡರೆ ಏನು, ಸುಟ್ಟರೆ ನಷ್ಟ ಯಾರ ತಲೆಗೆ.