ಬಚ್ಚಲೊಲೆಯ ಕಾವಿನಲ್ಲಿ ಬೇರು ಬಿಟ್ಟ ಮೆಡಿನಿಲ್ಲಾ: ನನ್ನ ಅನುಭವ

ಹೊಸನಗರ ತಾಲ್ಲೂಕಿನ ಮಳೆಯಲ್ಲಿ ಮೆಡಿನಿಲ್ಲಾ ಮ್ಯಾಗ್ನಿಫಿಕಾ ಎಂಬ ಗುಲಾಬಿ ಬಣ್ಣದ ಗೊಂಚಲಿನ ಹೂಗಿಡ ಉಳಿಯುವುದೇ ಕಷ್ಟ, ಉಳಿದರೂ ಹೂ ಬಿಡದು, ಹೂ ಬಿಟ್ಟರೂ ಅದರಿಂದ ಮರಿಗಿಡ ಮಾಡುವುದು ಮನೆಮಟ್ಟಿಗೆ ಆಗುವ ಕೆಲಸವಲ್ಲ ಎಂದು ನನಗೆ ಹೇಳಿದವರು ಅನೇಕರು. ಅವರಲ್ಲಿ ನರ್ಸರಿ ನಡೆಸುವವರಿದ್ದರು, ತೋಟಗಾರಿಕೆ ಓದಿದವರಿದ್ದರು, ನನ್ನ ಹಾಗೆಯೇ ಮಳೆಗಾಲಕ್ಕೆ ಡೇರೆ ಹೂ (ಡೇಲಿಯಾ), ಬೇಸಿಗೆಗೆ ಆಂಥೂರಿಯಂ ಎಂದು ವರ್ಷವಿಡೀ ಅಂಗಳ ಬಿಟ್ಟು ಕದಲದವರೂ ಇದ್ದರು. ಈಗ ನನ್ನ ಹಿತ್ತಿಲಿನಲ್ಲಿ ಸುಮಾರು ಅರವತ್ತು ಮೆಡಿನಿಲ್ಲಾ ಗಿಡಗಳಿವೆ. ಎರಡು ತಾಯಿಗಿಡಗಳನ್ನು ಬಿಟ್ಟರೆ ಉಳಿದವೆಲ್ಲ ಇಲ್ಲಿಯೇ ಬೇರು ಬಿಟ್ಟವು. ಇದಕ್ಕಾಗಿ ನಾನು ಗಾಜಿನ ಮನೆಯನ್ನಾಗಲಿ ಪಾಲಿಹೌಸನ್ನಾಗಲಿ ಕಟ್ಟಿಸಿಲ್ಲ. ಕಡ್ಡಿ ಕತ್ತರಿಸುವುದು, ಬೇರು ಬರಿಸುವ ಐಬಿಎ ಪುಡಿ ಹಚ್ಚುವುದು, ಗೂಟಿ ಕಟ್ಟುವುದು (ಗಿಡದಲ್ಲಿರುವಾಗಲೇ ಕೊಂಬೆಗೆ ಬೇರು ಬರಿಸುವುದು) ಗೊತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ; ಆ ಮೂಲಪಾಠಗಳನ್ನು ಇಲ್ಲಿ ವಿವರಿಸುವುದಿಲ್ಲ.

ಇದು ಫಿಲಿಪ್ಪೀನ್ಸ್ ದ್ವೀಪಗಳ ಬೆಟ್ಟಗಾಡಿನ ಪೊದೆ. ಅಲ್ಲಿ ಇದು ದೊಡ್ಡ ಮರಗಳ ಕವಲಿನಲ್ಲಿ, ನಮ್ಮಲ್ಲಿ ಸೀತಾಳೆ (ಕಾಡು ಆರ್ಕಿಡ್) ಕೂರುವಂಥ ಜಾಗದಲ್ಲಿ ಬೆಳೆಯುತ್ತದೆ. ಜಾನ್ ಲಿಂಡ್ಲಿ 1850ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟ ಕಾಲದಿಂದಲೂ ಯುರೋಪಿನವರು ಇದನ್ನು ಗಾಜಿನ ಮನೆಯೊಳಗೇ ಸಾಕಿದ್ದಾರೆ. ಹಾಗಾಗಿ ಓದಲು ಸಿಗುವ ಸಲಹೆಗಳೆಲ್ಲ ಹೊರಗೆ ಹಿಮ ಬೀಳುವ ದೇಶದವರ ಸಲಹೆಗಳು. ಅವುಗಳ ಪ್ರಕಾರ ಗಿಡಕ್ಕೆ ತೇವ ಬೇಕು, ತೇವ ಬೇಕು, ಇನ್ನೂ ತೇವ ಬೇಕು. ತೇವಕ್ಕೆ ನಮ್ಮಲ್ಲಿ ಕೊರತೆಯೆಲ್ಲಿದೆ? ಹವೆ ಹೊಂದುವುದಿಲ್ಲ ಎನ್ನುವ ಮಾತನ್ನು ನಾನು ಮೊದಲಿನಿಂದಲೂ ಒಪ್ಪಿರಲಿಲ್ಲ. ಗುಡ್ಡದ ಅಂಚಿನಲ್ಲಿ ನೇರಳೆ ಹೂ ಬಿಡುವ ನೆಕ್ಕರಿಕ ಇದೇ ಕುಟುಂಬದ್ದು. ಎರಡರ ಎಲೆಯನ್ನೂ ಅಕ್ಕಪಕ್ಕ ಹಿಡಿದರೆ, ಬುಡದಿಂದ ಹೊರಟು ಬಾಗಿ ತುದಿಯಲ್ಲಿ ಕೂಡುವ ನರಗಳು ಒಂದೇ ಬಗೆಯವು. ಅಷ್ಟೇಕೆ, ಪಶ್ಚಿಮ ಘಟ್ಟದ ದಕ್ಷಿಣ ಭಾಗದ ಕಾಡುಗಳಲ್ಲಿ ಮೆಡಿನಿಲ್ಲಾದ್ದೇ ಬೇರೆ ಜಾತಿಗಳು ಮರದ ಮೇಲೆ ತಾವಾಗಿ ಬೆಳೆಯುತ್ತವೆ.

ಆದರೂ ಮೊದಲ ಮೂರು ವರ್ಷ ಹಣ ನೀರಿನಲ್ಲಿ ಹೋಯಿತು. ಬೆಂಗಳೂರಿನ ಒಂದು ನರ್ಸರಿಯಿಂದ ತರಿಸಿದ ಗಿಡ ಒಂದಕ್ಕೆ ಸಾವಿರದ ಎಂಟುನೂರರಷ್ಟು ಬಿತ್ತು. ಬಸ್ಸಿನಲ್ಲಿ ಪಾರ್ಸೆಲ್ ಬಂದ ನಾಲ್ಕೈದರಲ್ಲಿ ಎರಡು ಉಳಿದವು. ಉಳಿದವುಗಳಿಂದ ಜೂನ್ ತಿಂಗಳಿನಲ್ಲಿ, ನಾವೆಲ್ಲ ಎಲ್ಲ ಗಿಡಕ್ಕೂ ಮಾಡುವ ಹಾಗೆ, ಕಡ್ಡಿ ಕತ್ತರಿಸಿ ನೆರಳು ಬಲೆಯ ಕೆಳಗೆ ನೆಟ್ಟೆ. ಎಲೆ ಹಸಿರಾಗಿಯೇ ಇರುತ್ತಿತ್ತು. ಮೂರು ವಾರದ ನಂತರ ಎತ್ತಿ ನೋಡಿದರೆ ಬುಡ ಕಪ್ಪಗೆ ಮೆತ್ತಗಾಗಿರುತ್ತಿತ್ತು. ಮರುವರ್ಷ ಮಂಜಿನಂತೆ ನೀರು ಸಿಂಪಡಿಸುವ ಯಂತ್ರ, ಟೈಮರ್, ಪೈಪು ಎಂದು ಹದಿನಾಲ್ಕು ಸಾವಿರದ ಆಸುಪಾಸು ಕೊಟ್ಟು ತಂದೆ. ಆಷಾಢದ ಗಾಳಿಗೆ ನಮ್ಮೂರಿನಲ್ಲಿ ಕರೆಂಟು ಹೋದರೆ ಬರುವುದು ಮೂರನೆಯ ದಿನ ಎಂಬುದು ಮಲೆನಾಡಿನವರಿಗೆ ಹೇಳಬೇಕಾದ ವಿಷಯವಲ್ಲ. ಕರೆಂಟು ಇದ್ದ ದಿನಗಳಲ್ಲಿಯೂ ಆ ಯಂತ್ರ ಮಾಡಿದ್ದು ಕೊಳೆಯುವುದನ್ನು ಬೇಗನೆ ಮುಗಿಸಿದ್ದಷ್ಟೇ. ನನ್ನ ಮೈದುನ ಒಂದು ದಿನ ಟ್ರೇಗಳನ್ನು ನೋಡಿ, "ಅತ್ತಿಗೆ, ಈ ದುಡ್ಡಿಗೆ ಎರಡು ಲೋಡ್ ಗೊಬ್ಬರ ಬರುತ್ತಿತ್ತಲ್ಲ" ಎಂದರು. ಲೆಕ್ಕದಲ್ಲಿ ಅವರು ಹೇಳಿದ್ದು ಕಡಿಮೆಯೇ. ಒಟ್ಟು ಖರ್ಚು ಅಷ್ಟರಲ್ಲಿ ನಲವತ್ತು ಸಾವಿರದ ಹತ್ತಿರ ಹೋಗಿತ್ತು.

ಕೋಳಿಮರಿ ಸಾಕುವವರಿಂದ ಒಂದು ಥರ್ಮಾಮೀಟರ್ ತಂದು ಟ್ರೇಯ ಮಿಶ್ರಣದೊಳಗೆ ಚುಚ್ಚಿದಾಗ ವಿಷಯ ಸ್ಪಷ್ಟವಾಯಿತು. ಜುಲೈ ತಿಂಗಳಿನಲ್ಲಿ ಅದು ಇಪ್ಪತ್ತು, ಇಪ್ಪತ್ತೊಂದು ಡಿಗ್ರಿ ತೋರಿಸುತ್ತಿತ್ತು. ಮೆಡಿನಿಲ್ಲಾ ಕಡ್ಡಿ ಬೇರು ಬಿಡಬೇಕಾದರೆ ಬುಡದಲ್ಲಿ ಇಪ್ಪತ್ತೈದರ ಆಸುಪಾಸು ಕಾವು ಬೇಕು, ಅದೂ ಹಗಲು ರಾತ್ರಿ ಎಡೆಬಿಡದೆ ಬೇಕು. ತೇವ ನಮ್ಮಲ್ಲಿ ಪುಕ್ಕಟೆ ಸಿಗುತ್ತದೆ. ಮಳೆಗಾಲದಲ್ಲಿ ಸಿಗದಿರುವುದು ಬುಡದ ಬಿಸಿ ಮತ್ತು ಬೇರಿಗೆ ಗಾಳಿ, ಈ ಎರಡೇ. ವಿದ್ಯುತ್ ಹಾಸು ತರಿಸಬಹುದಿತ್ತು, ಆದರೆ ಮತ್ತೆ ಅದೇ ಕರೆಂಟಿನ ಕಥೆ. ಮಳೆಗಾಲದುದ್ದಕ್ಕೂ ಆರದೆ ಉರಿಯುವುದು ಮನೆಯಲ್ಲಿ ಒಂದೇ ಇದೆ: ಬಚ್ಚಲ ಹಂಡೆಯ ಒಲೆ.

ನಮ್ಮ ಬಚ್ಚಲೊಲೆಯ ಹೊಗೆ ಗೋಡೆಯಾಚೆ ಹೋಗುವ ದಾರಿಯ ಮೇಲೆ ಹಳೆಯ ಕಲ್ಲುಚಪ್ಪಡಿಯೊಂದಿದೆ. ಹಿಂದೆ ಅದರ ಮೇಲೆ ಒದ್ದೆ ಕಂಬಳಿ, ಸೋಗೆ, ಪುರಳೆಗಳನ್ನು ಒಣಗಿಸುತ್ತಿದ್ದರು. ಅದು ಮಾಡಿನ ಕೆಳಗೇ ಇರುವುದರಿಂದ ಮಳೆ ತಾಗುವುದಿಲ್ಲ. ಚಪ್ಪಡಿಯ ಸುತ್ತ ಜಂಬಿಟ್ಟಿಗೆಯ ಚೂರುಗಳಿಂದ ಅಂಚು ಕಟ್ಟಿ, ನಾಲ್ಕು ಬೆರಳಿನಷ್ಟು ಹೊಳೆಮರಳು ತುಂಬಿ, ಅದರ ಮೇಲೆ ಟ್ರೇ ಇಟ್ಟೆ. ಮರಳು ಕಡಿಮೆಯಾದರೆ ಬೆಳಗಿನ ಉರಿಗೆ ಬುಡ ಬೇಯುತ್ತದೆ, ಹೆಚ್ಚಾದರೆ ಕಾವೇ ಮೇಲೆ ಬರುವುದಿಲ್ಲ. ನನ್ನ ಕಲ್ಲಿಗೆ ನಾಲ್ಕು ಬೆರಳು ಸರಿಯಾಯಿತು, ನಿಮ್ಮದಕ್ಕೆ ನೀವೇ ಅಳೆದು ನೋಡಬೇಕು. ಸಂಜೆ ಮೀಯುವ ನೀರು ಕಾದ ಮೇಲೆ ಒಂದು ದಪ್ಪ ಮರದ ಕುಂಟೆಯನ್ನು ಒಲೆಗೆ ದೂಡಿ ಬೂದಿ ಮುಚ್ಚಿದರೆ, ಬೆಳಿಗ್ಗೆ ಐದು ಗಂಟೆಗೂ ಮರಳು ಇಪ್ಪತ್ತನಾಲ್ಕು ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲ.

ಕಡ್ಡಿಯನ್ನು ಆರಿಸುವುದರಲ್ಲಿ ಅರ್ಧ ಕೆಲಸವಿದೆ. ಎಳೆ ತುದಿ ಬೇಡ. ಹೂ ಮುಗಿದ ಕೊಂಬೆಯಲ್ಲಿ ಹಸಿರು ಮಾಸಿ ಕಂದು ಬಣ್ಣಕ್ಕೆ ತಿರುಗತೊಡಗಿದ, ಪೆನ್ಸಿಲಿಗಿಂತ ತುಸು ದಪ್ಪನೆಯ ಭಾಗದಲ್ಲಿ ಎರಡು ಗೆಣ್ಣಿನ ತುಂಡು ತೆಗೆಯುತ್ತೇನೆ. ಮೇಲಿನ ಜೋಡಿ ಎಲೆಗಳನ್ನು ಅರ್ಧಕ್ಕೆ ಕತ್ತರಿಸುತ್ತೇನೆ, ಇಲ್ಲವಾದರೆ ಅಷ್ಟು ದೊಡ್ಡ ಎಲೆ ಪಕ್ಕದ ಕಡ್ಡಿಯ ಮೇಲೆ ಮಲಗುತ್ತದೆ. ಈ ಗಿಡದ ಕಾಂಡ ದುಂಡಗಿರುವುದಿಲ್ಲ. ನಾಲ್ಕು ಮೂಲೆಗಳಲ್ಲಿ ರೆಕ್ಕೆಯಂಥ ಏಣುಗಳಿರುತ್ತವೆ, ಗೆಣ್ಣಿನ ಸುತ್ತ ಒರಟು ಕೂದಲಿನ ಗುಚ್ಛವಿರುತ್ತದೆ. ಕೊಳೆತ ಕಡ್ಡಿಗಳನ್ನು ಸಾಲಾಗಿ ಇಟ್ಟು ನೋಡಿದಾಗ ಕಪ್ಪು ಹಿಡಿಯುವುದು ಯಾವಾಗಲೂ ಆ ಏಣುಗಳ ಸಂದಿನಿಂದಲೇ ಶುರುವಾಗಿರುವುದು ಕಂಡಿತು. ಆಗಿನಿಂದ ಬುಡದ ಒಂದು ಅಂಗುಲದಷ್ಟು ಭಾಗದ ಏಣುಗಳನ್ನು ಹೊಸ ಬ್ಲೇಡಿನಲ್ಲಿ ಹೆರೆದು, ಕೂದಲನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆದು, ನೆರಳಿನಲ್ಲಿ ಆರಿಸಿ, ಆಮೇಲೆ ಮೂರು ಸಾವಿರ ಪಿಪಿಎಂ ಐಬಿಎ ಪುಡಿ ಹಚ್ಚುತ್ತೇನೆ. ಹೀಗೆ ನೆರಳಿನಲ್ಲಿ ಆರಿಸುವ ಮೊದಲು ಕಡ್ಡಿಗಳನ್ನು ಒಂದು ರಾತ್ರಿ ಯಾವುದರಲ್ಲಿ ನೆನೆಸುತ್ತೇನೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಎಳನೀರಿನಲ್ಲಂತೂ ಅಲ್ಲ, ಎಳನೀರು ಹಾಕಿದ ಟ್ರೇಗೂ ಹಾಕದ ಟ್ರೇಗೂ ವ್ಯತ್ಯಾಸ ಕಾಣಲಿಲ್ಲ, ಇರುವೆ ಬಂದದ್ದೊಂದೇ ಲಾಭ.

ಹೀಗೆ ಮಾಡಿದ ಮೊದಲ ತಂಡದಲ್ಲಿ ಐದಾರು ವಾರ ಕಳೆದ ಮೇಲೆ ಒಂದು ಕಡ್ಡಿಯನ್ನು ಮೆಲ್ಲನೆ ಅಲುಗಿಸಿದರೆ ಅದು ಕದಲಲಿಲ್ಲ. ಎತ್ತಿ ನೋಡಿದಾಗ ಗೆಣ್ಣಿನ ಕೆಳಗೆ ಬಿಳಿ ಬೇರುಗಳು ಟ್ರೇಯ ಮಿಶ್ರಣದ ಇದ್ದಿಲ ಚೂರುಗಳನ್ನು ಹಿಡಿದುಕೊಂಡೇ ಬಂದವು. ಹತ್ತಕ್ಕೆ ಒಂದೂ ಸಿಗದಿದ್ದ ಕಡೆ ಆರೋ ಏಳೋ ಸಿಗತೊಡಗಿತು. ಆಗುವುದಿಲ್ಲ ಎಂದಿದ್ದ ನರ್ಸರಿಯವರಲ್ಲಿ ಒಬ್ಬರು ಬಂದು ಚಪ್ಪಡಿಯ ಫೋಟೋ ತೆಗೆದುಕೊಂಡು ಹೋಗಿದ್ದಾರೆ. ಅಡಿಕೆ ಬೇಯಿಸುವ ಒಲೆಯ ಪಕ್ಕದಲ್ಲಿಯೂ ಒಂದು ಟ್ರೇ ಇಟ್ಟು ನೋಡಿದೆ; ಸುಗ್ಗಿಯ ಹೊತ್ತಿನ ಆ ಉರಿಗೆ ಕಡ್ಡಿಗಳು ಅಡಿಕೆಯೊಂದಿಗೇ ಬೆಂದು ಹೋದವು.

ಗೂಟಿ ಕಟ್ಟುವುದು ಇದಕ್ಕಿಂತ ಸುಲಭ, ಆದರೆ ತಾಯಿಗಿಡ ಬೋಳಾಗುತ್ತದೆ. ಪ್ಲಾಸ್ಟಿಕ್ ಸುತ್ತಿದರೆ ಒಳಗೆ ನೀರು ನಿಂತು ಹುಳಿವಾಸನೆ ಬರುತ್ತದೆ. ನಾನು ನೆನೆಸಿ ಮೆತ್ತಗೆ ಮಾಡಿದ ಅಡಿಕೆ ಹಾಳೆಯ ತುಂಡಿನಲ್ಲಿ, ಮರದ ಮೇಲಿನ ಹಾವಸೆಯನ್ನು ಹಿಂಡಿ ತುಂಬಿ, ಬಾಳೆನಾರಿನಿಂದ ಕಟ್ಟುತ್ತೇನೆ. ಹಾಳೆ ಉಸಿರಾಡುತ್ತದೆ, ಹೆಚ್ಚಿನ ನೀರು ಕೆಳಗೆ ಸೋರುತ್ತದೆ. ಬೇರು ಬರುವ ಹೊತ್ತಿಗೆ ಹಾಳೆಯೂ ಲಡ್ಡಾಗಿರುವುದರಿಂದ ಬಿಚ್ಚುವ ಗೋಜಿಲ್ಲದೆ ಹಾಗೆಯೇ ಕುಂಡಕ್ಕೆ ಇಳಿಸಬಹುದು.

ನೆಕ್ಕರಿಕದ ಬುಡಕ್ಕೆ ಮೆಡಿನಿಲ್ಲಾ ಕಸಿ ಕಟ್ಟಿದರೆ ಹೇಗೆ ಎಂಬ ಹುಚ್ಚೂ ನನಗೆ ಹಿಡಿದಿತ್ತು. ನೆಕ್ಕರಿಕ ಗುಡ್ಡದ ಕೆಂಪು ಜಂಬುಮಣ್ಣಿನಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆಯುವ ಗಿಡ. ಅದರ ಬೇರು ಸಿಕ್ಕಿದರೆ ನೆಲದಲ್ಲಿಯೇ ಬೆಳೆಸಬಹುದೆಂಬ ಆಸೆ. ಬೆಣೆ ಕಸಿ ಒಂದು ತಿಂಗಳು ಹಸಿರಾಗಿ ನಿಂತು, ಜೋಡಣೆಯಲ್ಲಿ ಕಪ್ಪಾಗಿ ಉದುರಿತು. ಬುಡದ ಗಿಡವನ್ನು ಬದಲಿಸಿ ಮತ್ತೆ ಕಟ್ಟಿದಾಗಲೂ ಅದೇ ಫಲ. ಬೀಜದ ಪ್ರಯೋಗ ಅಷ್ಟು ನಿರಾಶೆ ಮಾಡಲಿಲ್ಲ. ಹೂಗಳನ್ನು ಬ್ರಷ್ಷಿನಿಂದ ತಾಕಿಸಿದರೆ ಸಣ್ಣ ಕಾಯಿಗಳು ಕಟ್ಟಿ ನೇರಳೆಗೆ ತಿರುಗುತ್ತವೆ; ಅವುಗಳನ್ನು ಹಿಸುಕಿ, ತೊಳೆದು, ಧೂಳಿನಷ್ಟು ಸಣ್ಣ ಬೀಜಗಳನ್ನು ಮುಚ್ಚದೆ ಒದ್ದೆ ಹಾವಸೆಯ ಮೇಲೆಯೇ ಹರಡಬೇಕು, ಏಕೆಂದರೆ ಮೊಳೆಯಲು ಬೆಳಕು ಬೇಕು. ಮೊಳಕೆ ಬರುತ್ತದೆ, ಆದರೆ ಎರಡು ವರ್ಷದ ಸಸಿ ಅಂಗೈಯಗಲ ಇದ್ದರೆ ಹೆಚ್ಚು. ಬಸವನಹುಳು ಒಂದೇ ರಾತ್ರಿಯಲ್ಲಿ ಆ ಎರಡು ವರ್ಷವನ್ನು ತಿಂದು ಮುಗಿಸುತ್ತದೆ.

ಕುಂಡಕ್ಕೆ ಮಣ್ಣು ಬೇಡವೇ ಬೇಡ. ಒಂದು ಮಳೆಗಾಲ ಬಯಲಿನಲ್ಲಿ ತೊಳೆಸಿಕೊಂಡ ಅಡಿಕೆ ಸಿಪ್ಪೆ, ಇದ್ದಿಲು, ಮರದ ತೊಗಟೆ ಚೂರು, ಸ್ವಲ್ಪ ಹಳೆಯ ದರಗಿನ (ಒಣಗಿದ ಎಲೆಯ) ಗೊಬ್ಬರ, ಇಷ್ಟು ಸಾಕು. ಪ್ರಮಾಣವನ್ನು ನಾನು ಕೈ ಅಂದಾಜಿನಲ್ಲಿ ಹಾಕುವುದರಿಂದ ಬರೆದು ಕೊಡಲಾರೆ. ನೀರು ಹೊಯ್ದರೆ ಹತ್ತೆಣಿಸುವುದರೊಳಗೆ ಕೆಳಗೆ ಬರಬೇಕು. ಹಸಿ ಸಿಪ್ಪೆ ಹಾಕಿದರೆ ಅದರ ಚೊಗರಿಗೆ ಬೇರಿನ ತುದಿ ಸುಡುತ್ತದೆ. ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು ಇದಕ್ಕೆ ಒಗ್ಗುತ್ತದೆ. ಬೋರ್‌ವೆಲ್ ನೀರು ಹಾಕಿದ ನನ್ನ ತಂಗಿಯ ಮನೆಯ ಗಿಡದಲ್ಲಿ ಕುಂಡದ ಅಂಚಿಗೆ ಬಿಳಿ ಹಕ್ಕಳೆ ಕಟ್ಟಿ, ಎಲೆಗಳು ನರ ಮಾತ್ರ ಹಸಿರು ಉಳಿದು ಹಳದಿಯಾದವು. ಕೊಳೆರೋಗಕ್ಕೆ ಅಡಿಕೆಗೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ್ದು) ಹೊಡೆಯುವ ದಿನ ಗಿಡಗಳನ್ನು ಒಳಗಿಡುವುದು ಒಳ್ಳೆಯದು. ಅದರ ಸಿಡಿತ ಬಿದ್ದ ಎಲೆ ಚುಕ್ಕೆಚುಕ್ಕೆಯಾಗಿ ಕೆಡುತ್ತದೆ.

ಹೂ ಬಿಡಿಸುವುದರಲ್ಲಿ ಮಲೆನಾಡಿನ ಚಳಿಯಷ್ಟು ಸಹಾಯ ಮಾಡಿದ್ದು ಬೇರೆ ಯಾವುದೂ ಇಲ್ಲ. ಮೊಗ್ಗು ಹುಟ್ಟಬೇಕಾದರೆ ಒಂದೂವರೆ ಎರಡು ತಿಂಗಳು ರಾತ್ರಿಯ ಬಿಸಿ ಹದಿನಾರು, ಹದಿನೇಳು ಡಿಗ್ರಿಗೆ ಇಳಿಯಬೇಕು. ಹಾಲೆಂಡಿನ ಬೆಳೆಗಾರರು ಇದಕ್ಕಾಗಿ ಗಾಜಿನ ಮನೆಯನ್ನು ತಣಿಸುತ್ತಾರೆ, ನಮಗೆ ಡಿಸೆಂಬರ್ ಇದೆ. ದೀಪಾವಳಿ ಕಳೆದ ಮೇಲೆ ನೀರನ್ನು ತೀರ ಕಡಿಮೆ ಮಾಡುತ್ತೇನೆ, ಎಲೆ ಸ್ವಲ್ಪ ಬಾಗಿದಾಗ ಒಂದು ಚೊಂಬು, ಅಷ್ಟೇ. ಗೊಬ್ಬರ ಪೂರ್ತಿ ನಿಲ್ಲಿಸುತ್ತೇನೆ. ಜಗಲಿಯ ಒಳಗೆ ಬೆಚ್ಚಗೆ ಇಟ್ಟ ಗಿಡಗಳು ದಟ್ಟ ಎಲೆ ಬಿಟ್ಟು ಸುಮ್ಮನಿದ್ದವು, ಮಾಡಿನಂಚಿನಲ್ಲಿ ಇಬ್ಬನಿ ತಾಗುವಂತೆ ಇಟ್ಟವು ಜನವರಿ ಕೊನೆಗೆ ತುದಿಯಲ್ಲಿ ಗುಲಾಬಿ ಮೊಗ್ಗು ತೋರಿಸಿದವು. ಮೊಗ್ಗು ಕಂಡ ಕೂಡಲೇ ಒಮ್ಮೆಗೇ ನೀರು ಸುರಿದರೆ ಅದು ಉದುರುತ್ತದೆ. ಎರಡು ವಾರದಲ್ಲಿ ಹಂತಹಂತವಾಗಿ ಏರಿಸಬೇಕು. ಗೊಂಚಲು ಜೋತು ಬಿದ್ದು, ದೊಡ್ಡ ಗುಲಾಬಿ ಹೊದಿಕೆ ಎಲೆಗಳು ಬಿಚ್ಚಿ, ಒಳಗಿನ ಸಣ್ಣ ಹೂಗಳು ಮುಗಿಯುವವರೆಗೆ ಎರಡು ತಿಂಗಳಿಗಿಂತ ಹೆಚ್ಚು ಕಾಲ ನಿಲ್ಲುತ್ತದೆ. ಈ ಹೊತ್ತಿಗೆ ಮಂಗಗಳ ಕಾವಲು ಬೇಕು. ತಿನ್ನುವುದಿಲ್ಲ, ಕಿತ್ತು ಬಿಸಾಡುತ್ತವೆ. ಹಿಟ್ಟುತಿಗಣೆ ಗೆಣ್ಣಿನ ಕೂದಲಿನಲ್ಲಿ ಅಡಗುತ್ತದೆ, ಅದಕ್ಕೆ ಬೇವಿನೆಣ್ಣೆ ಸಾಕು. ಬೇಸಿಗೆಯ ಕೆಂಪು ನುಸಿಗೆ ಎಲೆಯ ಅಡಿಗೆ ನೀರು ಹೊಡೆದರೆ ಸಾಕು.

ಮಾರಾಟದಿಂದ ಹಾಕಿದ ಹಣ ಎರಡು ವರ್ಷದಲ್ಲಿ ಬಂದಿದೆ. ಒಂದು ವರ್ಷದ ಗಿಡಕ್ಕೆ ಏಳುನೂರು, ಮೊಗ್ಗು ಬಂದ ಗಿಡಕ್ಕೆ ಸಾವಿರದ ಮುನ್ನೂರರವರೆಗೆ ಕೇಳುತ್ತೇನೆ, ಶಿವಮೊಗ್ಗದಿಂದ ಬಂದು ಒಯ್ಯುವವರಿದ್ದಾರೆ. ಬೆಂಗಳೂರಿನ ವ್ಯಾಪಾರಿಯೊಬ್ಬರು ಒಟ್ಟಿಗೆ ಇನ್ನೂರು ಗಿಡ ಕೇಳಿ ಅರ್ಧ ಬೆಲೆ ಹೇಳಿದರು. ನನ್ನ ಚಪ್ಪಡಿ ಹಿಡಿಯುವುದು ಎರಡು ಟ್ರೇ, ಮಳೆಗಾಲವೊಂದರಲ್ಲಿ ಹೆಚ್ಚೆಂದರೆ ಮೂರು ತಂಡ. ಅಷ್ಟಕ್ಕೇ ಸೌದೆ ಸಾಲದು ಎಂದು ಮನೆಯಲ್ಲಿ ಮಾತು ಬರುತ್ತಿದೆ, ಆದ್ದರಿಂದ ಆಗುವುದಿಲ್ಲವೆಂದೆ. ಮಳೆಗಾಲದಲ್ಲಿ ಗಿಡಗಳನ್ನು ಪಾರ್ಸೆಲ್ ಕಳಿಸುವುದನ್ನು ನಿಲ್ಲಿಸಿದ್ದೇನೆ. ಬೇಕಾದವರು ನವೆಂಬರ್ ನಂತರ ಬಂದು, ಕುಂಡ ಸಮೇತ ಒಯ್ಯಬಹುದು.