ಬಯಾಪ್ಸಿ ರಿಪೋರ್ಟ್ ಓದೋದು ಹೇಗೆ?

ಚಿಕ್ಕಮ್ಮನ ಸ್ತನ ಕ್ಯಾನ್ಸರ್ ರಿಪೋರ್ಟ್ ಓದಲು ನಾನು ಕಲಿತದ್ದು ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ.

ಮೊದಲು ಇಆರ್, ಪಿಆರ್ ಸಾಲು ನೋಡಿ. ಇವು ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳನ್ನು ಹಿಡಿದುಕೊಳ್ಳುವ, ಕೋಶದೊಳಗಿನ ಪ್ರೋಟೀನ್‌ಗಳು. ನೂರರಲ್ಲಿ 1 ಕ್ಯಾನ್ಸರ್ ಕೋಶಕ್ಕೆ ಬಣ್ಣ ಹಿಡಿದರೂ ಪಾಸಿಟಿವ್. ಹಾರ್ಮೋನ್ ಮಾತ್ರೆ ಕೆಲಸ ಮಾಡಬಹುದು. ಆಮೇಲೆ ಹರ್2, ಅಂದರೆ ಕೋಶಕ್ಕೆ ಬೆಳೆಯಲು ಹೇಳುವ ಒಂದು ಪ್ರೋಟೀನ್. ಇದಕ್ಕೆ 0ರಿಂದ 3+ ತನಕ ಅಂಕ. 3+ ಪಾಸಿಟಿವ್. 2+ ಅಂದರೆ ಅನುಮಾನ, ಫಿಶ್ ಟೆಸ್ಟ್ ಬರೆಯುತ್ತಾರೆ. ‘ಯಾವ ಫಿಶ್, ಬಂಗುಡೆಯಾ?’ ಎಂದು ಕೇಳಿ ಚಿಕ್ಕಮ್ಮ ಇಡೀ ಸೀಟನ್ನು ನಗಿಸಿದ್ದರು. ಆ ಟೆಸ್ಟಿನಲ್ಲಿ ಈ ಪ್ರೋಟೀನ್ ಮಾಡಿಸುವ ಹರ್2 ಜೀನ್ ಎಷ್ಟು ಪ್ರತಿ ಇದೆ ಎಂದು ಎಣಿಸುತ್ತಾರೆ, ಅಷ್ಟೇ.

ಜಾಸ್ತಿ ಜನ ಮರೆಯುವುದು ಒಂದಿದೆ. ಕಾಯಿಲೆ ಮರಳಿದರೆ, ಎಲುಬಿಗೋ ಲಿವರಿಗೋ ಹರಡಿದರೆ, ಹಳೇ ರಿಪೋರ್ಟ್ ಸಾಲದು. ಜೀನ್‌ಗಳ ಕೆಲಸ ಬದಲಾಗಿ, ಇದ್ದ ಇಆರ್ ಮಾಯವಾಗಬಹುದು. ಹೊಸ ಬಯಾಪ್ಸಿ ಬೇಕಾ ಎಂದು ಡಾಕ್ಟರನ್ನು ಕೇಳಿ. ಹಳೇ ಬಯಾಪ್ಸಿಯ ತುಣುಕು ಇರುವ ಮೇಣದ ಬ್ಲಾಕನ್ನೂ ಜೋಪಾನವಾಗಿಡಿ.