ತಿರುಗಿಸಿ ನೋಡಿ: ಜರ್ಮನ್ ಸೈನ್ಯದ ಹಳೇ ಪದಕ, ತೋಳಿನ ಪಟ್ಟಿಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು

ನಾನು ದೊಡ್ಡಬಳ್ಳಾಪುರದವನು. ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇದ್ದವು. ಯಾವ ಸೀರೆ ಕೈಗೆ ಸಿಕ್ಕಿದರೂ ಅಪ್ಪ ಮೊದಲು ಸೆರಗು ತಿರುಗಿಸಿ ಹಿಂಬದಿ ನೋಡುತ್ತಿದ್ದರು. ಕೆಲಸಕ್ಕೆ ಅಂತ ಸ್ಟುಟ್ಗಾರ್ಟ್‌ಗೆ ಬಂದ ಮೇಲೆ ಇಲ್ಲಿನ ಹಳೇ ಸಾಮಾನಿನ ಸಂತೆಗಳಲ್ಲಿ ಎರಡನೇ ಮಹಾಯುದ್ಧದ ಪದಕ, ಬಿಲ್ಲೆ (ಬ್ಯಾಡ್ಜ್), ತೋಳಿನ ಪಟ್ಟಿ ನೋಡುತ್ತಾ ನೋಡುತ್ತಾ ಅಸಲಿ ನಕಲಿ ಗುರುತಿಸುವುದು ಕಲಿತೆ. ಅಪ್ಪನ ಅಭ್ಯಾಸವೇ ಇಲ್ಲೂ ಕೈ ಹಿಡಿಯಿತು.

ಮೊದಲೇ ಹೇಳಿಬಿಡುತ್ತೇನೆ. ಇವು ಕೋಟ್ಯಂತರ ಜನರನ್ನು ಕೊಂದ ನಾಜಿ ಆಡಳಿತದ ಗುರುತುಗಳು. ನನಗೆ ಇವು ಚರಿತ್ರೆಯ ಸಾಕ್ಷಿ, ಗೋಡೆಗೆ ಹಾಕುವ ಅಲಂಕಾರ ಅಲ್ಲ. ಜರ್ಮನಿಯ ದಂಡ ಸಂಹಿತೆಯ 86ಎ ಕಲಂ ಪ್ರಕಾರ ನಾಜಿಗಳ ಸ್ವಸ್ತಿಕವನ್ನು ಬಹಿರಂಗವಾಗಿ ತೋರಿಸುವಂತಿಲ್ಲ, ಅಧ್ಯಯನದಂಥ ಕೆಲವು ಕಾರಣಗಳಿಗೆ ಮಾತ್ರ ವಿನಾಯಿತಿ. ಸಂತೆಯಲ್ಲಿ ಅದರ ಮೇಲೆ ಸಣ್ಣ ಸ್ಟಿಕ್ಕರ್ ಅಂಟಿಸಿ ಇಟ್ಟಿರುತ್ತಾರೆ.

ನಾನು ಮೊದಲು ಮೋಸ ಹೋದದ್ದು ಜರ್ಮನ್ ಸೈನ್ಯದ ಶೌರ್ಯ ಪದಕವಾದ ಐರನ್ ಕ್ರಾಸ್‌ನ ಎರಡನೇ ದರ್ಜೆಯಲ್ಲಿ. ಮುಂದೆ 1939, ಹಿಂದೆ ಆ ಪದಕ ಶುರುವಾದ ಇಸವಿ 1813, ಎಲ್ಲಾ ಸರಿ ಇತ್ತು. ಜೇಬಿನಿಂದ ಮ್ಯಾಗ್ನೆಟ್ ತೆಗೆದು ಹಿಡಿದೆ, ಟಪ್ ಅಂತ ಅಂಟಿತು. ಸಾಕು ಅಂದುಕೊಂಡು 90 ಯೂರೋ ಕೊಟ್ಟೆ. ಮನೆಗೆ ಬಂದು ಭೂತಗನ್ನಡಿ ಹಿಡಿದಾಗಲೇ ಗೊತ್ತಾಗಿದ್ದು, ಅದರ ಅಂಚಿನಲ್ಲಿ ಬೆಸುಗೆಯೇ ಇಲ್ಲ. ಸಾಮಾನ್ಯವಾಗಿ ಅಸಲಿ ಕ್ರಾಸ್ ಮೂರು ತುಂಡಿನದು: ನಡುವೆ ಕಪ್ಪು ಬಣ್ಣದ ಕಬ್ಬಿಣದ ತಿರುಳು, ಅದನ್ನು ಮುಂದಿನಿಂದ ಒಂದು, ಹಿಂದಿನಿಂದ ಒಂದು ಚೌಕಟ್ಟು ಅಪ್ಪಿಕೊಂಡು ಅಂಚಿನಲ್ಲಿ ಬೆಸೆದಿರುತ್ತಾರೆ. ಅರ ಹಾಕಿ ಉಜ್ಜಿದ್ದರೂ ಪಕ್ಕದಿಂದ ಬೆಳಕು ಬಿಟ್ಟರೆ ಆ ಜೋಡಣೆ ಕೂದಲೆಳೆಯಷ್ಟು ತೆಳ್ಳಗೆ ಕಾಣುತ್ತದೆ. ನನ್ನದು ಒಂದೇ ಎರಕದ್ದು. ಚೌಕಟ್ಟಿಗೆ ಬರೀ ಬೆಳ್ಳಿ ಬಣ್ಣ ಬಳಿದಿದ್ದರು, ಅದಕ್ಕೇ ತಿರುಳಿಗೆ ಮಾತ್ರ ಅಂಟಬೇಕಾದ ಮ್ಯಾಗ್ನೆಟ್ ಚೌಕಟ್ಟಿಗೂ ಅಂಟುತ್ತಿತ್ತು.

ಅವತ್ತಿನಿಂದ ಮ್ಯಾಗ್ನೆಟ್ ಮಾತನ್ನು ಪೂರ್ತಿ ನಂಬುವುದಿಲ್ಲ. ಕೆಲವು ಅಸಲಿಗಳಲ್ಲಿ ಹಿತ್ತಾಳೆ ತಿರುಳೂ ಇದೆ, ಆಗ ಅಂಟದಿದ್ದರೂ ಅದು ಅಸಲಿಯೇ. ನಾನು ಹೆಚ್ಚು ಹೊತ್ತು ನೋಡುವುದು ಚೌಕಟ್ಟಿನ ಒಳಗಿನ ಸಣ್ಣ ಗೆರೆಗಳನ್ನು. ಅಸಲಿಯ ಹಾಗೆ ಅಚ್ಚೊತ್ತಿ ಮಾಡಿದ್ದಾದರೆ ಒಂದೊಂದು ಗೆರೆಯೂ ಬಿಡಿಬಿಡಿಯಾಗಿ, ಚೂಪಾಗಿ ನಿಂತಿರುತ್ತದೆ. ಎರಕ ಹೊಯ್ದದ್ದಾದರೆ ಕರಗಿದ ಬೆಲ್ಲದ ಹಾಗೆ ಒಂದಕ್ಕೊಂದು ಕೂಡಿಕೊಂಡಿರುತ್ತದೆ, ಅಲ್ಲಲ್ಲಿ ಗುಳ್ಳೆ ಒಡೆದ ಸೂಜಿಮೊನೆ ಗುಳಿ. ಅಗಲ 44 ಮಿಲಿಮೀಟರ್ ಆಸುಪಾಸು ಇರಬೇಕು. ಅಸಲಿಯ ಮೇಲೆ ಅಚ್ಚು ತೆಗೆದು ಎರಕ ಹೊಯ್ದರೆ ಲೋಹ ಆರುವಾಗ ಕುಗ್ಗಿ ಅಳತೆ ಸ್ವಲ್ಪ ಕಮ್ಮಿ ಆಗುತ್ತದೆ. ರಿಬ್ಬನ್ ಪೋಣಿಸುವ ಬಳೆಯ ಮೇಲೆ ತಯಾರಕರ ನಂಬರ್ ಇರಬಹುದು, 65 ಅಂದರೆ ಇಡಾರ್-ಒಬರ್‌ಸ್ಟೈನ್‌ನ ಕ್ಲೈನ್ ಉಂಡ್ ಕ್ವೆನ್ಸರ್. ಆದರೆ ನಂಬರ್ ಒತ್ತುವುದು ನಕಲಿ ಮಾಡುವವನಿಗೆ ಏನೂ ಕಷ್ಟ ಅಲ್ಲ, ಅಲ್ವಾ?

ಬಿಲ್ಲೆಗಳಲ್ಲಿ ಯುದ್ಧ ಮುಂದುವರಿದಂತೆ ತಾಮ್ರ ಮಿಶ್ರಲೋಹ ಹೋಗಿ ಸತು ಬಂತು. ಸತುವಿನ ಮೇಲೆ ಲೇಪ ನಿಲ್ಲುವುದಿಲ್ಲ, ಮಾಸಿ ಬೂದು ಬಣ್ಣ ಆಗುತ್ತದೆ, ಕೆಲವದರಲ್ಲಿ ಗುಳ್ಳೆ ಏಳುತ್ತದೆ. ಹೊಳೆಯುವುದೇ ಅಸಲಿ ಅಂದುಕೊಂಡವರು ಇಲ್ಲಿ ಒಳ್ಳೇ ಮಾಲನ್ನು ಬಿಟ್ಟುಬರುತ್ತಾರೆ.

ನಮ್ಮ ಕಟ್ಟಡದ ಅಜ್ಜಿಯೊಬ್ಬರು ತಮ್ಮ ಯಜಮಾನರ ಕ್ರಾಸ್ ತೋರಿಸಿದ್ದರು. ನಡುವೆ ಸ್ವಸ್ತಿಕ ಇಲ್ಲ, ಓಕ್ ಎಲೆ. "ಇದು ನಕಲಿನಾ?" ಅಂತ ಸಣ್ಣ ದನಿಯಲ್ಲಿ ಕೇಳಿದರು. ಅಲ್ಲ. 1957ರ ಕಾನೂನು ಯುದ್ಧಕಾಲದ ಪದಕಗಳನ್ನು ಸ್ವಸ್ತಿಕ ತೆಗೆದು ಧರಿಸಲು ಅವಕಾಶ ಕೊಟ್ಟಿತು, ಅದಕ್ಕೇ ಹೊಸದಾಗಿ ಮಾಡಿದವು ಇವು. ಯುದ್ಧಕಾಲದ್ದಲ್ಲ, ಆದರೆ ನಕಲಿಯೂ ಅಲ್ಲ. ಅವರು ಅದನ್ನು ಕರವಸ್ತ್ರದಲ್ಲಿ ಮತ್ತೆ ಸುತ್ತಿಟ್ಟರು.

ಈಗ ಬಟ್ಟೆ, ನನಗೆ ಇಷ್ಟದ ಭಾಗ. ಸುಭಾಷ್ ಚಂದ್ರ ಬೋಸರು ಜರ್ಮನಿಯಲ್ಲಿ ಕಟ್ಟಿದ ಆಜಾದ್ ಹಿಂದ್ ಪಡೆಯ ತೋಳಿನ ಪಟ್ಟಿ ಗೊತ್ತಲ್ಲ? ಕೇಸರಿ ಬಿಳಿ ಹಸಿರು, ಮೇಲೆ 'ಫ್ರೈಯೆಸ್ ಇಂಡಿಯೆನ್' (ಸ್ವತಂತ್ರ ಭಾರತ), ನಡುವೆ ಜಿಗಿಯುವ ಹುಲಿ. ನೋಡಿದ ಕೂಡಲೇ ನಮ್ಮ ಟಿಪ್ಪುವಿನ ಹುಲಿ ನೆನಪಾಗುತ್ತದೆ. ಭಾರತೀಯರು ಇದನ್ನು ಹುಡುಕಿಕೊಂಡು ಬರುತ್ತಾರೆ, ಅದಕ್ಕೇ ನಕಲಿಯೂ ಜಾಸ್ತಿ. ಒಂದು ಸಿಕ್ಕಾಗ ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ತೋರಿಸಿದೆ.

"ತಿರುಗ್ಸು" ಅಂದರು. ತಿರುಗಿಸಿದೆ. "ಇದು ನೇಯ್ದದ್ದಲ್ಲ ಕಣೋ, ಮಷಿನ್ ಕಸೂತಿ."

ಹಿಂದೆ ಬಿಳಿ ದಾರದ ಗಂಟು, ಕೆಳಗೆ ಪೇಸ್ಟಿಂಗ್ ಕಾಗದ, ಸುತ್ತ ದಪ್ಪ ಓವರ್‌ಲಾಕ್ ಅಂಚು. ಅಸಲಿ ಪಟ್ಟಿ ಸಾಮಾನ್ಯವಾಗಿ ಜಕಾರ್ಡ್‌ನಲ್ಲಿ, ಅಂದರೆ ಚಿತ್ತಾರ ನೇಯುವ ಮಗ್ಗದಲ್ಲಿ, ನೇಯ್ದದ್ದು. ತೆಳ್ಳಗೆ, ಚಪ್ಪಟೆ. ಹಿಂಬದಿಯಲ್ಲಿ ಅದೇ ಹುಲಿ ಬಣ್ಣ ಅದಲುಬದಲಾಗಿ ಕಾಣಬೇಕು, ಹೊಕ್ಕಿನ (ಅಡ್ಡ) ಎಳೆಗಳು ಉದ್ದುದ್ದ ತೇಲಿಕೊಂಡು ಹೋಗಿರಬೇಕು, ನಮ್ಮ ಬುಟ್ಟಾ ಸೀರೆಯ ಹಿಂಬದಿ ಇರುತ್ತಲ್ಲ, ಹಾಗೇ.

ನೇಯ್ದ ನಕಲಿಯೂ ಇದೆ, ಅದಕ್ಕೆ ಯುವಿ (ಅತಿನೇರಳೆ ಬೆಳಕಿನ) ಟಾರ್ಚ್. ಈಗಿನ ದಾರ ಆ ಬೆಳಕಲ್ಲಿ ಸಾಮಾನ್ಯವಾಗಿ ನೀಲಿ ಬಿಳಿಯಾಗಿ ಹೊಳೆಯುತ್ತದೆ. ಆದರೆ ಅಸಲಿಯನ್ನೇ ಯಾರಾದರೂ ಈಗಿನ ಸೋಪಿನ ಪುಡಿಯಲ್ಲಿ ಒಗೆದಿದ್ದರೆ ಅದೂ ಹೊಳೆಯುತ್ತದೆ, ಹಾಗಾಗಿ ಸುಮ್ನೆ ಎಸೆಯಬೇಡಿ. ತುದಿಯಲ್ಲಿ ಬಿಟ್ಟುಕೊಂಡ ಒಂದೆಳೆ ಸಿಕ್ಕರೆ, ಮಾರುವವರನ್ನು ಕೇಳಿ ಸುಟ್ಟು ನೋಡುತ್ತೇನೆ. ಹತ್ತಿ, ರೇಯಾನ್ ಬೂದಿ ಆಗುತ್ತದೆ. ಪಾಲಿಸ್ಟರ್ ಕರಗಿ ಮಣಿ ಕಟ್ಟುತ್ತದೆ, ಅಲ್ಲಿಗೆ ಮಾತು ಮುಗಿಯಿತು.

ಹೋದ ಚಳಿಗಾಲದಲ್ಲಿ ಇನ್ನೊಂದು ಹುಲಿ ಸಿಕ್ಕಿತು. ಹೊಳೆಯಲಿಲ್ಲ, ಎಳೆ ಬೂದಿ ಆಯಿತು. ಬೆಲೆ ನನ್ನ ಕೈಗೆಟುಕಲಿಲ್ಲ. ಹಿಂದೆ ಮುಂದೆ ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಹಿಂಬದಿಯ ಫೋಟೋ ದೊಡ್ಡದು ಮಾಡಿ ತುಂಬ ಹೊತ್ತು ನೋಡಿದರಂತೆ, ಆಮೇಲೆ ಫೋನ್ ಮಾಡಿ, "ಎಷ್ಟು ಚೆನ್ನಾಗಿ ನೇಯ್ದಿದಾರೋ" ಅಂದರು.